ಸುಖ-ದುಃಖಗಳಲ್ಲಿ ಒಂದಾಗಿದ್ದ ಕಾರ್ಥೇಜಿನ ಸಭೆ

ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಕ್ರೈಸ್ತ ಸಭೆಯನ್ನು ಒಂದು ದೇಹಕ್ಕೆ ಹೋಲಿಸಿದ್ದಾನೆ. ಒಂದು ಅಂಗಕ್ಕೆ ನೋವಾದರೆ ಇಡೀ ದೇಹವೇ ನರಳುತ್ತದೆ ಎಂಬ ಈ ಹೋಲಿಕೆ ಹದೀಸ್ ಓದಿದವರಿಗೂ ಹೊಸದಲ್ಲ. ಹೋಲಿಕೆ ಹೇಳುವುದು ಸುಲಭ. ಆದರೆ ಶ್ರೀಮಂತರು, ಕೈಕಸುಬಿನವರು, ಗುಲಾಮರು, ವಿಧವೆಯರು ಎಲ್ಲರೂ ಬೆರೆತಿದ್ದ ಒಂದು ಊರಿನ ಸಭೆ ಅದನ್ನು ದಿನನಿತ್ಯದ ಬದುಕಿನಲ್ಲಿ ಹೇಗೆ ನಡೆಸಿಕೊಂಡು ಬಂತು? ಯಾರ ಹಣ ಯಾರ ಕೈಯಿಂದ ಯಾರಿಗೆ ತಲುಪಿತು? ಯಾರ ದುಃಖವನ್ನು 'ಇದು ನಮ್ಮದಲ್ಲ' ಎಂದು ಬದಿಗಿಡಲಾಯಿತು? ಕ್ರೈಸ್ತ ಧರ್ಮದ ಮೊದಲ ಮೂರು ಶತಮಾನಗಳ ಬಗ್ಗೆ ಇಂತಹ ಪ್ರಶ್ನೆ ಕೇಳಿದರೆ ಹೆಚ್ಚಿನ ಊರುಗಳಿಂದ ಉತ್ತರ ಸಿಗುವುದಿಲ್ಲ. ಉತ್ತರ ಆಫ್ರಿಕಾದ ಕಾರ್ಥೇಜಿನಿಂದ ಸಿಗುತ್ತದೆ. ಏಕೆಂದರೆ ಅಲ್ಲಿನ ಪತ್ರಗಳು ಉಳಿದುಕೊಂಡಿವೆ.

ಕಾರ್ಥೇಜ್ ಇಂದಿನ ಟ್ಯುನೀಷಿಯಾದ ರಾಜಧಾನಿ ಟ್ಯುನಿಸ್‌ನ ಹೊರವಲಯ. ಇಬ್ನ್ ಖಲ್ದೂನ್ 1332ರಲ್ಲಿ ಹುಟ್ಟಿದ್ದು ಇದೇ ಟ್ಯುನಿಸ್‌ನಲ್ಲಿ. ರೋಮನ್ನರ ಕಾಲದಲ್ಲಿ ಅದು ಸಾಮ್ರಾಜ್ಯದ ಅತಿ ದೊಡ್ಡ ನಗರಗಳಲ್ಲಿ ಒಂದು, ರೋಮಿಗೆ ಗೋಧಿ ಹೋಗುತ್ತಿದ್ದ ಬಂದರು. ಕ್ರೈಸ್ತ ಧರ್ಮಕ್ಕೆ ಆಗ ಕಾನೂನಿನ ರಕ್ಷಣೆ ಇರಲಿಲ್ಲ. ಇಗರ್ಜಿ ಎಂದು ಹೇಳಬಹುದಾದ ದೊಡ್ಡ ಕಟ್ಟಡಗಳೂ ಇರಲಿಲ್ಲ. ಸಭೆ ಎಂದರೆ ಜನ, ಅಷ್ಟೇ.

ಆ ಜನರ ಬಗ್ಗೆ ಮೊದಲು ವಿವರವಾಗಿ ಹೇಳುವವನು ಟೆರ್ಟುಲಿಯನ್. ಕ್ರಿ.ಶ. 197ರ ಸುಮಾರಿಗೆ ರೋಮನ್ ಅಧಿಕಾರಿಗಳನ್ನು ಉದ್ದೇಶಿಸಿ ಬರೆದ ಸಮರ್ಥನಾ ಗ್ರಂಥದಲ್ಲಿ ಅವನು ತನ್ನ ಸಭೆಯ ಒಳಗಿನ ವ್ಯವಸ್ಥೆಯನ್ನು ಬಿಚ್ಚಿಡುತ್ತಾನೆ. ಸಭೆಗೆ ಒಂದು ಪೆಟ್ಟಿಗೆಯಿತ್ತು. ತಿಂಗಳಿಗೊಮ್ಮೆ, ಮನಸ್ಸಿದ್ದವರು, ಶಕ್ತಿಯಿದ್ದವರು ಅದಕ್ಕೆ ಹಣ ಹಾಕುತ್ತಿದ್ದರು, ಬಲವಂತವಿರಲಿಲ್ಲ. ಆ ಹಣ ಔತಣಕ್ಕೆ ಹೋಗುತ್ತಿರಲಿಲ್ಲ. ಬಡವರ ಊಟಕ್ಕೆ, ಅವರು ಸತ್ತರೆ ಮಣ್ಣು ಮಾಡುವುದಕ್ಕೆ, ಅನಾಥ ಮಕ್ಕಳಿಗೆ, ಮನೆ ಬಿಟ್ಟು ಹೊರಬರಲಾಗದ ಮುದಿ ಆಳುಗಳಿಗೆ, ಹಡಗು ಮುಳುಗಿ ಎಲ್ಲವನ್ನೂ ಕಳೆದುಕೊಂಡವರಿಗೆ, ಗಣಿ, ದ್ವೀಪ, ಸೆರೆಮನೆಗಳಲ್ಲಿ ಧರ್ಮದ ಕಾರಣಕ್ಕೆ ಶಿಕ್ಷೆ ಅನುಭವಿಸುತ್ತಿದ್ದವರಿಗೆ ಹೋಗುತ್ತಿತ್ತು. ಬಂದರು ಪಟ್ಟಣದ ಪಟ್ಟಿ ಇದು ಎಂಬುದು ಓದಿದೊಡನೆ ತಿಳಿಯುತ್ತದೆ. 'ಅಗಾಪೆ' ಎಂಬ ಸಂಜೆಯ ಸಹಭೋಜನವನ್ನೂ ಅವನು ವರ್ಣಿಸುತ್ತಾನೆ. ಮೊದಲು ಪ್ರಾರ್ಥನೆ, ಹಸಿವು ತೀರುವಷ್ಟು ಊಟ, ಕೈ ತೊಳೆದು ದೀಪ ಹಚ್ಚಿದ ಮೇಲೆ ಬಲ್ಲವರಿಂದ ದೇವರ ಸ್ತುತಿ.

ಟೆರ್ಟುಲಿಯನ್ ವಾದಪಟು. ತನ್ನ ಪಕ್ಷಕ್ಕೆ ಹೊಳಪು ಕೊಟ್ಟು ಹೇಳುವವನು. ಅವನ ಮಾತನ್ನು ಸ್ವಲ್ಪ ಸೋಸಿಯೇ ತೆಗೆದುಕೊಳ್ಳಬೇಕು. ಆದರೆ ಆರು ವರ್ಷಗಳ ಬಳಿಕದ ಇನ್ನೊಂದು ದಾಖಲೆ ಅವನ ಪರವಾಗಿ ಸಾಕ್ಷಿ ಹೇಳುತ್ತದೆ. ಅದು ಪೆರ್ಪೆಟುವಾ ಎಂಬ 22ರ ಹರೆಯದ ತಾಯಿ ಸೆರೆಮನೆಯಲ್ಲಿ ಬರೆದ ದಿನಚರಿ. ಅವಳು ಕುಲೀನ ಮನೆತನದವಳು, ಕೈಯಲ್ಲಿ ಮೊಲೆಯುಣ್ಣುವ ಮಗು. ಅವಳೊಂದಿಗೆ ಬಂಧನಕ್ಕೊಳಗಾದವರಲ್ಲಿ ಫೆಲಿಸಿತಾ ಎಂಬ ಗುಲಾಮ ಹೆಣ್ಣೂ ಇದ್ದಳು, ತುಂಬು ಬಸುರಿ. ಸೆರೆಮನೆಯ ಕತ್ತಲೆ ಮತ್ತು ಸೆಕೆಯಲ್ಲಿ ಪೆರ್ಪೆಟುವಾ ಮಗುವಿಗಾಗಿ ಹಂಬಲಿಸುತ್ತಿದ್ದಾಗ ಸಭೆಯ ಇಬ್ಬರು ಡೀಕನರು ಕಾವಲುಗಾರರಿಗೆ ಹಣ ತೆತ್ತು, ಬಂದಿಗಳಿಗೆ ದಿನದಲ್ಲಿ ಕೆಲವು ಗಂಟೆ ಗಾಳಿ ಬೆಳಕಿರುವ ಭಾಗದಲ್ಲಿ ಕೂರುವ ಅವಕಾಶ ಮಾಡಿಸಿದರು. ಸಭೆಯ ಪೆಟ್ಟಿಗೆಯ ಹಣ ಲಂಚಕ್ಕೂ ಹೋಗುತ್ತಿತ್ತೆಂದು ಕಾಣುತ್ತದೆ! ಅದನ್ನು ಅವಳು ಮುಚ್ಚಿಡುವುದಿಲ್ಲ.

ಗರ್ಭಿಣಿಯರನ್ನು ಬಹಿರಂಗವಾಗಿ ಶಿಕ್ಷಿಸಲು ಕಾನೂನಿನಲ್ಲಿ ಅವಕಾಶವಿರಲಿಲ್ಲ. ಆದ್ದರಿಂದ ಗೆಳೆಯರೆಲ್ಲ ಹೋದ ಮೇಲೆ ತಾನೊಬ್ಬಳೇ ಯಾವುದೋ ಪಾತಕಿಗಳ ಜೊತೆ ಸಾಯಬೇಕಾಗುತ್ತದಲ್ಲ ಎಂಬ ಚಿಂತೆ ಫೆಲಿಸಿತಾಳನ್ನು ಕಾಡಿತು. ಅವಳನ್ನು ಹಿಂದೆ ಬಿಟ್ಟು ಹೋಗುವ ಸಂಕಟ ಉಳಿದವರಿಗೂ ಇತ್ತು. ಎಲ್ಲರೂ ಸೇರಿ ಪ್ರಾರ್ಥಿಸಿದರು. ದಿನ ತುಂಬುವ ಮುನ್ನವೇ ಹೆರಿಗೆಯಾಯಿತು, ಹೆಣ್ಣು ಮಗು. ಸಭೆಯ ಒಬ್ಬ ಸೋದರಿ ಅದನ್ನು ಕೊಂಡೊಯ್ದು ತನ್ನ ಮಗಳಂತೆಯೇ ಸಾಕಿದಳು. ಆ ಸಾಕುತಾಯಿಯ ಹೆಸರನ್ನು ದಾಖಲೆ ಹೇಳುವುದಿಲ್ಲ. 203ರ ಮಾರ್ಚ್ 7ರಂದು ಕ್ರೀಡಾಂಗಣದಲ್ಲಿ ಕಾಡುಹಸುವಿನ ತಿವಿತಕ್ಕೆ ಇಬ್ಬರೂ ಬಿದ್ದಾಗ ಪೆರ್ಪೆಟುವಾ ಎದ್ದು ಹೋಗಿ ಫೆಲಿಸಿತಾಳ ಕೈ ಹಿಡಿದೆತ್ತಿದಳು. ಒಡತಿಯ ವರ್ಗದವಳೂ ಗುಲಾಮಳೂ ಸಾವಿರಾರು ಜನರ ಮುಂದೆ ಅಕ್ಕಪಕ್ಕ ನಿಂತರು. ರೋಮನ್ ಸಮಾಜದಲ್ಲಿ ಇದು ಸಣ್ಣ ಸಂಗತಿಯಲ್ಲ.

ಇಲ್ಲಿಯವರೆಗೆ ಎಲ್ಲವೂ ಎದೆ ಮುಟ್ಟುವ ಕಥೆಯೇ. ಹುತಾತ್ಮರ ದುಃಖವನ್ನು ಹಂಚಿಕೊಳ್ಳುವುದರಲ್ಲಿ ಒಂದು ಹೆಮ್ಮೆಯೂ ಇರುತ್ತದೆ. ಕಾರ್ಥೇಜಿನ ಸಭೆಗೆ ನಿಜವಾದ ಪರೀಕ್ಷೆ ಬಂದದ್ದು ಐವತ್ತು ವರ್ಷಗಳ ಬಳಿಕ, ಹುತಾತ್ಮರಾಗದೆ ಸೋತುಹೋದವರ ಕಣ್ಣೀರು ಎದುರಾದಾಗ.

ಆಗ ಬಿಷಪ್ ಆಗಿದ್ದವನು ಸಿಪ್ರಿಯನ್. ಭಾಷಣ ಕಲೆಯ ಅಧ್ಯಾಪಕ, ಶ್ರೀಮಂತ, ನಡುವಯಸ್ಸಿನಲ್ಲಿ ಕ್ರೈಸ್ತನಾದವನು. ಆಸ್ತಿಯನ್ನು ಮಾರಿ ಬಡವರಿಗೆ ಹಂಚಿದ. ದೀಕ್ಷೆ ಪಡೆದ ಎರಡು-ಮೂರು ವರ್ಷಗಳಲ್ಲೇ ಬಿಷಪ್ ಆದ. ಹಳೆಯ ಪಾದ್ರಿಗಳಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ಅವನ ಪತ್ರಗಳಲ್ಲಿ ಒಂದು, ನಟನೊಬ್ಬನ ಕುರಿತದ್ದು, ನಮಗೆ ವಿಶೇಷವಾಗಿ ಕಾಣುತ್ತದೆ. ಈ ನಟ ಕ್ರೈಸ್ತನಾಗಿ ರಂಗಭೂಮಿ ಬಿಟ್ಟಿದ್ದ. ಆದರೆ ಹೊಟ್ಟೆಪಾಡಿಗಾಗಿ ಹುಡುಗರಿಗೆ ನಟನೆ ಕಲಿಸುತ್ತಿದ್ದ. ಅಂದಿನ ಕ್ರೈಸ್ತರ ದೃಷ್ಟಿಯಲ್ಲಿ ರಂಗಭೂಮಿ ನಿಷಿದ್ಧ. ಅವನನ್ನು ಸಭೆಯಲ್ಲಿ ಇಟ್ಟುಕೊಳ್ಳಬಹುದೇ ಎಂದು ಬೇರೊಂದು ಊರಿನ ಬಿಷಪ್ ಕೇಳಿದ. ಆ ಕಸುಬನ್ನು ಅವನು ಬಿಡಬೇಕು ಎಂದು ಸಿಪ್ರಿಯನ್ ಉತ್ತರಿಸಿದ. ಆದರೆ ಅಲ್ಲಿಗೆ ನಿಲ್ಲಲಿಲ್ಲ. ಅವನಿಗೆ ಅನ್ನವಿಲ್ಲವಾದರೆ ಸಭೆ ಸಾಕಬೇಕು. ನಿಮ್ಮ ಸಭೆಗೆ ಅಷ್ಟು ಶಕ್ತಿಯಿಲ್ಲವಾದರೆ ಅವನು ಇಲ್ಲಿಗೆ ಬರಲಿ, ಊಟ ಬಟ್ಟೆ ನಾವು ಕೊಡುತ್ತೇವೆ ಎಂದು ಬರೆದ.

ಇದನ್ನು ಓದುವಾಗ ನಮ್ಮ ಮಂಗಳೂರು ನೆನಪಾಗದೆ ಇರದು. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್‌ನವರು ಕ್ರೈಸ್ತರಾದ ಬಿಲ್ಲವರಿಗೆ ಶೇಂದಿ ಇಳಿಸುವ ಕಸುಬು ಬಿಡಬೇಕೆಂದರು. ಜಾತಿಯವರು ಹೊರಹಾಕಿದರು, ಕಸುಬನ್ನು ಮಿಷನ್ನೇ ಬಿಡಿಸಿತು. ಈ ಜನ ಉಣ್ಣುವುದೇನು? ನೇಯ್ಗೆ ಶಾಲೆ, ಮುದ್ರಣಾಲಯ, 1865ರಲ್ಲಿ ಜೆಪ್ಪುವಿನಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆ ಇವುಗಳ ಹಿಂದೆ ಈ ಪ್ರಶ್ನೆಯೂ ಇತ್ತು. ನಮ್ಮ ಮಸೀದಿ, ದೇವಸ್ಥಾನ, ಶಾಲೆಗಳ ಮಾಡಿನ ಮೇಲಿರುವ ಮಂಗಳೂರು ಹೆಂಚಿಗೂ ಕಾರ್ಥೇಜಿನ ಆ ನಟನ ಅನ್ನಕ್ಕೂ ಒಂದು ದೂರದ ನೆಂಟಸ್ತಿಕೆಯಿದೆ. ಕಸುಬು ಬಿಡು ಎಂದು ಹೇಳಿದವರು ಕೂಳಿನ ದಾರಿಯನ್ನೂ ತೋರಿಸಬೇಕಾಯಿತು.

ಮತ್ತೆ ಕಾರ್ಥೇಜಿಗೆ ಬರೋಣ. ಚಕ್ರವರ್ತಿ ಡೆಸಿಯಸ್‌ನ ಆಜ್ಞೆ 250ರ ಆರಂಭದಲ್ಲಿ ಸಾಮ್ರಾಜ್ಯದಾದ್ಯಂತ ಜಾರಿಗೆ ಬಂತು. ಪ್ರತಿಯೊಬ್ಬ ಪ್ರಜೆಯೂ ರೋಮನ್ ದೇವತೆಗಳಿಗೆ ಬಲಿ ಅರ್ಪಿಸಿ, ಅರ್ಪಿಸಿದ್ದಕ್ಕೆ ಅಧಿಕಾರಿಗಳ ಸಹಿಯುಳ್ಳ ಪ್ರಮಾಣಪತ್ರ ಪಡೆಯಬೇಕು. ಇಂತಹ ನಲವತ್ತಕ್ಕೂ ಹೆಚ್ಚು ಪ್ರಮಾಣಪತ್ರಗಳು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ. ಒಂದು ಕಾಗದದಿಂದ ಮನುಷ್ಯನ ನಿಷ್ಠೆಯನ್ನು ಅಳೆಯುವ ಹುಚ್ಚು ಎಷ್ಟು ಹಳೆಯದು ನೋಡಿ. ಕಾರ್ಥೇಜಿನಲ್ಲಿ ಕ್ರೈಸ್ತರು ಗುಂಪು ಗುಂಪಾಗಿ ಹೋಗಿ ಬಲಿಯಿತ್ತರು. ಕತ್ತಲಾಯಿತು, ನಾಳೆ ಬನ್ನಿ ಎಂದು ಅಧಿಕಾರಿಗಳು ಹೇಳಿದರೂ ಇವತ್ತೇ ಮುಗಿಸಿಬಿಡಿ ಎಂದು ಗೋಗರೆದವರಿದ್ದರು ಎಂದು ಸಿಪ್ರಿಯನ್ ನೋವಿನಿಂದ ಬರೆದಿದ್ದಾನೆ. ಕೆಲವರು ಬಲಿ ಕೊಡದೆ, ದುಡ್ಡು ಕೊಟ್ಟು ಪ್ರಮಾಣಪತ್ರ ಮಾತ್ರ ಕೊಂಡರು. ಕೆಲವರು ಚಿತ್ರಹಿಂಸೆ ತಾಳಲಾರದೆ ಮಣಿದರು. ಕೆಲವರು ಸೆರೆಮನೆ ಸೇರಿದರು.

ಬಿಷಪ್ ಏನು ಮಾಡಿದ? ತಲೆಮರೆಸಿಕೊಂಡ.

ರೋಮಿನ ಬಿಷಪ್ ಫೇಬಿಯನ್ ಆ ಜನವರಿಯಲ್ಲೇ ಪ್ರಾಣ ತೆತ್ತಿದ್ದ. ಹೀಗಿರುವಾಗ ಕಾರ್ಥೇಜಿನ ಕುರುಬ ಮಂದೆಯನ್ನು ಬಿಟ್ಟು ಓಡಿದನೆಂಬ ಚುಚ್ಚುಮಾತಿರುವ ಪತ್ರ ರೋಮಿನ ಪಾದ್ರಿಗಳಿಂದ ಬಂತು. ಸಿಪ್ರಿಯನ್ ಅದನ್ನು ಹಿಂತಿರುಗಿಸಿ, ಇದರ ಬರಹ, ಕಾಗದ ಎಲ್ಲ ಸಂಶಯಾಸ್ಪದವಾಗಿದೆ, ನೀವೇ ಬರೆದದ್ದು ಹೌದೇ ಎಂದು ಪರಿಶೀಲಿಸಿ ಎಂದ! ಜಾಣ ಉತ್ತರ. ಆದರೆ ಓಡಿಹೋದದ್ದು ಸರಿಯೇ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ನಾವು ಅವನನ್ನು ಪೂರ್ತಿ ಸಮರ್ಥಿಸಲಾರೆವು. ಆದರೆ ಅಡಗುತಾಣದಿಂದ ಅವನು ಬರೆದ ಪತ್ರಗಳನ್ನು ಓದಿದರೆ ಪೂರ್ತಿ ದೂರುವುದೂ ಕಷ್ಟ. ವಿಧವೆಯರು, ರೋಗಿಗಳು, ಬಡವರ ಯೋಗಕ್ಷೇಮ ನೋಡಿಕೊಳ್ಳಿ. ಊರಿಗೆ ಬಂದ ಪರದೇಶಿಗಳಿಗೆ ನನ್ನ ಪಾಲಿನ ಹಣದಿಂದ ಕೊಡಿ, ಅದು ಇಷ್ಟರಲ್ಲೇ ಮುಗಿದಿರಬಹುದು, ಆದ್ದರಿಂದ ಇನ್ನಷ್ಟು ಕಳುಹಿಸಿದ್ದೇನೆ ಎಂದು ಒಂದು ಪತ್ರ. ಸೆರೆಮನೆಯಲ್ಲಿ ಸತ್ತವರ ದಿನಾಂಕಗಳನ್ನು ತಪ್ಪದೆ ಗುರುತಿಟ್ಟುಕೊಳ್ಳಿ, ವರ್ಷವರ್ಷ ಅವರನ್ನು ನೆನೆಯಬೇಕು ಎಂದು ಇನ್ನೊಂದು.

ಇದೇ ಪತ್ರಸಂಗ್ರಹದಲ್ಲಿ ಸಿಪ್ರಿಯನ್ ಬರೆಯದ ಒಂದು ಪತ್ರವೂ ಸೇರಿಕೊಂಡಿದೆ. ಬರೆದವನು ರೋಮಿನಲ್ಲಿದ್ದ ಸೆಲೆರಿನಸ್. ಸ್ವತಃ ಸೆರೆವಾಸ ಅನುಭವಿಸಿ ಮಣಿಯದೆ ಹೊರಬಂದವನು. ಆದರೆ ಅವನು ಸೋದರಿಯರೆಂದು ಕರೆಯುವ ಇಬ್ಬರು ಹೆಂಗಸರು ಸೋತಿದ್ದರು. ಒಬ್ಬಳು ಬಲಿಯನ್ನು ತಪ್ಪಿಸಿಕೊಳ್ಳಲು ಲಂಚ ಕೊಟ್ಟಿದ್ದಳು. ಈಸ್ಟರ್ ಬಂತು. ಕ್ರೈಸ್ತರಿಗೆ ಅದಕ್ಕಿಂತ ದೊಡ್ಡ ಸಂತೋಷದ ದಿನವಿಲ್ಲ. ಸೆಲೆರಿನಸ್ ಆ ಹಬ್ಬವನ್ನು ಗೋಣಿ ಉಟ್ಟು, ಬೂದಿಯಲ್ಲಿ ಕುಳಿತು, ಅಳುತ್ತಾ ಕಳೆದ. ಮನೆಯವರು ಸೋತು ಹೊರಗೆ ನಿಂತಿರುವಾಗ ತಾನು ಗೆದ್ದ ಹಬ್ಬ ಆಚರಿಸುವುದು ಅವನಿಂದಾಗಲಿಲ್ಲ. ಅವನು ಕಾರ್ಥೇಜಿನ ಸೆರೆಮನೆಯಲ್ಲಿದ್ದ ಗೆಳೆಯ ಲೂಸಿಯಾನಸ್‌ಗೆ ಬರೆದು, ಸೆರೆಯಲ್ಲಿರುವ ನಿಮ್ಮ ಮಾತಿಗೆ ಬೆಲೆಯಿದೆ, ಈ ಹೆಂಗಸರನ್ನು ಕ್ಷಮಿಸಿ ಎಂದು ಬೇಡಿದ. ಅವರು ಸುಮ್ಮನೆ ಕುಳಿತಿಲ್ಲ, ಕಾರ್ಥೇಜಿನಿಂದ ರೋಮಿಗೆ ಬಂದಿಳಿದ ನಿಮ್ಮವರೇ ಆದ 65 ಮಂದಿಯನ್ನು ಬಂದರಿಗೇ ಹೋಗಿ ಎದುರುಗೊಂಡು ಉಪಚರಿಸಿದ್ದಾರೆ ಎಂದೂ ತಿಳಿಸಿದ. ಲೂಸಿಯಾನಸ್ ಕ್ಷಮೆ ಕೊಟ್ಟ. ಹಸಿವು, ಬಾಯಾರಿಕೆ, ಸೆಕೆಯಿಂದ ತಮ್ಮಲ್ಲಿ ಸತ್ತವರ ಹೆಸರುಗಳನ್ನೂ ಒಂದೊಂದಾಗಿ ಬರೆದು ಕಳುಹಿಸಿದ.

ಆ ಕಾಲದ ನಂಬಿಕೆಯಂತೆ ಧರ್ಮಕ್ಕಾಗಿ ಸೆರೆವಾಸ ಅನುಭವಿಸಿದವರಿಗೆ ಇತರರ ಪರವಾಗಿ ಶಿಫಾರಸು ಮಾಡುವ ಗೌರವವಿತ್ತು. ಆದರೆ ಬೇಗನೆ ಇದು ಕೈಮೀರಿತು. 'ಇಂಥವನನ್ನೂ ಅವನ ಕಡೆಯವರನ್ನೂ ಸೇರಿಸಿಕೊಳ್ಳಿ' ಎಂಬಂತಹ ಚೀಟಿಗಳು ಓಡಾಡತೊಡಗಿದವು. ಅವನ ಕಡೆಯವರೆಂದರೆ ಇಪ್ಪತ್ತೋ ಮೂವತ್ತೋ? ಬಲಿಯ ಪ್ರಮಾಣಪತ್ರಕ್ಕೆ ಎದುರಾಗಿ ಕ್ಷಮೆಯ ಪ್ರಮಾಣಪತ್ರ! ಸಿಪ್ರಿಯನ್ ಒಪ್ಪಲಿಲ್ಲ. ಸೋತವರು ಪಶ್ಚಾತ್ತಾಪಪಡಲಿ, ಆತುರ ಬೇಡ, ಶಾಂತಿ ನೆಲೆಸಿದ ಮೇಲೆ ಸಭೆಯೆಲ್ಲ ಕೂಡಿ ಒಬ್ಬೊಬ್ಬರ ವಿಚಾರ ನೋಡೋಣ ಎಂದ. ತಾನು ಸುರಕ್ಷಿತವಾಗಿ ಅಡಗಿದ್ದವನು, ಬೀದಿಯಲ್ಲಿ ಸಿಕ್ಕಿಬಿದ್ದವರಿಗೆ ಕಾಯಿರಿ ಎನ್ನುವುದು ಹಲವರಿಗೆ ಸಹಿಸದಾಯಿತು.

ಜಗಳ ಕೊನೆಗೆ ಸಿಡಿದದ್ದು ಪೆಟ್ಟಿಗೆಯ ಸುತ್ತ. ಸಿಪ್ರಿಯನ್ ಇಬ್ಬರು ಬಿಷಪರನ್ನೂ ಇಬ್ಬರು ಪಾದ್ರಿಗಳನ್ನೂ ನೇಮಿಸಿ, ಬಡವರ ವಯಸ್ಸು, ಸ್ಥಿತಿ ವಿಚಾರಿಸಿ ನೆರವು ಹಂಚಬೇಕು, ತಮ್ಮ ಕಸುಬನ್ನು ಮತ್ತೆ ಆರಂಭಿಸಲು ಬಯಸುವವರಿಗೆ ಬಂಡವಾಳವಾಗಿಯೂ ಕೊಡಬೇಕು ಎಂದು ಹೇಳಿ ಕಳುಹಿಸಿದ. ಫೆಲಿಸಿಸ್ಸಿಮಸ್ ಎಂಬವನು ಅಡ್ಡಗಟ್ಟಿದ. ಬಿಷಪ್‌ನ ಈ ನೆರವು ಪಡೆದವರಿಗೆ ನಮ್ಮಲ್ಲಿ ಪ್ರವೇಶವಿಲ್ಲ ಎಂದು ಬೆದರಿಸಿದ. ಪರಸ್ಪರರ ದುಃಖಕ್ಕೆ ಒದಗಲೆಂದು ಕೂಡಿಸಿದ ಹಣವೇ ಯಾರು ಯಾರ ಕಡೆ ಎಂದು ಎಣಿಸುವ ಸಾಧನವಾಯಿತು. ಜಮಾಅತ್‌ಗಳ, ಸಂಘಗಳ ಲೆಕ್ಕಪತ್ರದ ಜಗಳ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

251ರಲ್ಲಿ ಸಿಪ್ರಿಯನ್ ಮರಳಿ ಬಂದ. ಆಫ್ರಿಕಾದ ಬಿಷಪರ ಸಮಾವೇಶ ನಡೆಯಿತು. ಪ್ರಮಾಣಪತ್ರ ಮಾತ್ರ ಕೊಂಡವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ ಸೇರಿಸಿಕೊಳ್ಳಬಹುದು, ನಿಜವಾಗಿ ಬಲಿಯಿತ್ತವರು ಪಶ್ಚಾತ್ತಾಪದಲ್ಲಿ ಕಾಯಬೇಕು, ಅವರಿಗೆ ಮರಣಶಯ್ಯೆಯಲ್ಲಿ ಮಾತ್ರ ಕ್ಷಮೆ ಎಂದು ತೀರ್ಮಾನವಾಯಿತು. ರೋಮಿನಲ್ಲಿ ನೊವೇಷಿಯನ್ ಎಂಬವನು ಇದನ್ನೂ ಒಪ್ಪದೆ, ಸೋತವರಿಗೆ ಸಭೆಯಲ್ಲಿ ಜಾಗವೇ ಇಲ್ಲ ಎಂದು ಪ್ರತ್ಯೇಕ ಪಂಗಡ ಕಟ್ಟಿದ. ಒಂದೆರಡು ವರ್ಷಗಳಲ್ಲಿ ಮತ್ತೆ ಹಿಂಸೆಯ ಸೂಚನೆಗಳು ಕಾಣಿಸಿದಾಗ 42 ಬಿಷಪರು ಸೇರಿ ಹಿಂದಿನ ತೀರ್ಮಾನ ಸಡಿಲಿಸಿದರು. ಸಭೆಯ ಬಾಗಿಲಲ್ಲೇ ಅಳುತ್ತಾ ಉಳಿದವರೆಲ್ಲರನ್ನೂ ಒಳಗೆ ಕರೆದುಕೊಂಡರು. ಮುಂದಿನ ಯುದ್ಧಕ್ಕೆ ಅವರನ್ನು ನಿರಾಯುಧರಾಗಿ ಬಿಡುವುದು ಸಲ್ಲದು ಎಂಬುದು ಅವರ ವಾದ. ಕಾಯಿರಿ ಎಂದಿದ್ದ ಸಿಪ್ರಿಯನ್‌ನೇ ಈ ಪತ್ರದ ಮುಂಚೂಣಿಯಲ್ಲಿದ್ದ. ನಮ್ಮ ಅಭಿಪ್ರಾಯದಲ್ಲಿ ಅವನ ಬದುಕಿನ ಅತಿ ದೊಡ್ಡ ತಿರುವು ಇದೇ. ಅವನ ಮರಣವಲ್ಲ.

ಈ ನಡುವೆ ಮಹಾಮಾರಿ ಬಂತು. ವಾಂತಿ, ಭೇದಿ, ಕೆಂಡದಂತೆ ಉರಿಯುವ ಕಣ್ಣು, ಕೊಳೆತು ಉದುರುವ ಕೈಕಾಲು ಎಂದು ಸಿಪ್ರಿಯನ್ ರೋಗಲಕ್ಷಣಗಳನ್ನು ವರ್ಣಿಸಿದ್ದರಿಂದ ಇತಿಹಾಸಕಾರರು ಅದಕ್ಕೆ 'ಸಿಪ್ರಿಯನ್ ಪಿಡುಗು' ಎಂದೇ ಹೆಸರಿಟ್ಟಿದ್ದಾರೆ. ಜನ ತಮ್ಮವರನ್ನೇ ಬೀದಿಗೆ ಹಾಕಿ ಓಡಿದರೆಂದು ಅವನ ಡೀಕನ್ ಪೊಂಟಿಯಸ್ ಬರೆದಿದ್ದಾನೆ. ಸಿಪ್ರಿಯನ್ ಸಭೆಯನ್ನು ಕೂಡಿಸಿ, ನಮ್ಮವರನ್ನು ಮಾತ್ರ ನೋಡಿಕೊಂಡರೆ ಅದರಲ್ಲೇನು ದೊಡ್ಡಸ್ತಿಕೆ, ನಮ್ಮನ್ನು ಹಿಂಸಿಸಿದವರಿಗೂ ಒದಗಬೇಕು ಎಂದ. ಕೆಲಸ ಹಂಚಿಕೆಯಾಯಿತು. ಹಣವಿಲ್ಲದವರು ಮೈಮುರಿದು ದುಡಿದರು. 2020-21ರ ಕೋವಿಡ್ ದಿನಗಳಲ್ಲಿ ಹೆಣದ ಹತ್ತಿರ ಬರಲು ಸ್ವಂತದವರೇ ಹಿಂಜರಿದಾಗ ನಮ್ಮ ರಾಜ್ಯದಲ್ಲಿ ಬೇರೆ ಬೇರೆ ಧರ್ಮದ ಯುವಕರು ಜಾತಿ ಧರ್ಮ ನೋಡದೆ ಹೆಗಲು ಕೊಟ್ಟದ್ದನ್ನು ಕಂಡವರಿಗೆ ಪೊಂಟಿಯಸ್‌ನ ಈ ಪುಟಗಳು ಹಳೆಯ ಕಾಲದ ಕಥೆಯಾಗಿ ತೋರಲಾರವು.

253ರ ಸುಮಾರಿಗೆ ಪಕ್ಕದ ನುಮಿಡಿಯಾ ಪ್ರಾಂತ್ಯದ ಮೇಲೆ ದಾಳಿಕೋರರು ಎರಗಿ ಕ್ರೈಸ್ತ ಗಂಡಸರು, ಹೆಂಗಸರನ್ನು ಸೆರೆಹಿಡಿದೊಯ್ದರು. ಅಲ್ಲಿನ ಎಂಟು ಬಿಷಪರು ಸಹಾಯ ಕೇಳಿದರು. ಕಾರ್ಥೇಜಿನ ಸಭೆ ಒಂದು ಲಕ್ಷ ಸೆಸ್ಟರ್ಸ್ ನಾಣ್ಯ ಕೂಡಿಸಿ ಕಳುಹಿಸಿತು. ಜೊತೆಗೆ ಕೊಟ್ಟವರ ಹೆಸರುಗಳ ಪಟ್ಟಿ. ನಿಮ್ಮ ಪ್ರಾರ್ಥನೆಯಲ್ಲಿ ಇವರನ್ನು ನೆನೆಯಿರಿ, ಇಂಥದ್ದು ಇನ್ನೊಮ್ಮೆ ಆಗದಿರಲಿ, ಆದರೆ ತಿಳಿಸಲು ಸಂಕೋಚಪಡಬೇಡಿ ಎಂಬುದು ಪತ್ರದ ಭಾವ. ಪತ್ರ ಉಳಿದಿದೆ. ಪಟ್ಟಿ ಕಳೆದುಹೋಗಿದೆ.

257ರಲ್ಲಿ ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ ಮತ್ತೆ ದಮನ ಆರಂಭವಾಯಿತು. ಒಂಬತ್ತು ಬಿಷಪರನ್ನೂ ಅವರೊಂದಿಗೆ ಇನ್ನೂ ಹಲವರನ್ನೂ ಗಣಿಗೆ ಅಟ್ಟಿದರು. ಅರ್ಧ ತಲೆ ಬೋಳು, ಕಾಲಿಗೆ ಸಂಕೋಲೆ, ಮಲಗಲು ಬರಿನೆಲ. ಸಿಪ್ರಿಯನ್ ಆಗ ಗಡೀಪಾರಾಗಿದ್ದ. ಅಲ್ಲಿಂದಲೇ ಹಣವನ್ನೂ ಪತ್ರವನ್ನೂ ಕಳುಹಿಸಿದ. ಗಣಿಯಿಂದ ಬಂದ ಮೂರು ಕೃತಜ್ಞತಾ ಪತ್ರಗಳು ಇಂದಿಗೂ ಇವೆ. ಈ ಬಾರಿ ಅವನು ಸಾವಿಗೆ ಹೆದರಿ ಅಡಗಲಿಲ್ಲ. 258ರಲ್ಲಿ ತನ್ನನ್ನು ಉಟಿಕಾ ಪಟ್ಟಣಕ್ಕೆ ಒಯ್ಯುತ್ತಾರೆಂದು ತಿಳಿದಾಗ ಸ್ವಲ್ಪ ದಿನ ಮರೆಯಾದ ನಿಜ. ಆದರೆ ಕಾರಣ ಬೇರೆ. ಬಿಷಪ್ ಸಾಯಬೇಕಾದದ್ದು ತನ್ನ ಊರಿನಲ್ಲಿ, ತನ್ನ ಜನರ ನಡುವೆ ಎಂದು ಅವನು ಬರೆದಿಟ್ಟ. ಅಧಿಕಾರಿ ಕಾರ್ಥೇಜಿಗೆ ಬಂದ ಮೇಲೆ ಹೊರಬಂದ. ಕೊನೆಯ ರಾತ್ರಿ ಸಭೆಯ ಜನರೆಲ್ಲ ಅವನನ್ನಿಟ್ಟಿದ್ದ ಮನೆಯ ಮುಂದೆ ಬೀದಿಯಲ್ಲೇ ಜಾಗರಣೆ ಕುಳಿತರು. ಗುಂಪಿನಲ್ಲಿರುವ ಹೆಣ್ಣುಮಕ್ಕಳನ್ನು ಜೋಪಾನ ಮಾಡಿ ಎಂದು ಅವನು ಒಳಗಿಂದ ಹೇಳಿ ಕಳುಹಿಸಿದ. ಸೆಪ್ಟೆಂಬರ್ 14ರಂದು ಶಿರಚ್ಛೇದವಾಯಿತು. ತಲೆ ಕಡಿಯುವವನಿಗೆ 25 ಚಿನ್ನದ ನಾಣ್ಯ ಕೊಡಿಸಿದ. ಜನ ಅವನ ಮುಂದೆ ಬಟ್ಟೆ, ಕರವಸ್ತ್ರ ಹಾಸಿದರು. ರಾತ್ರಿ ಪಂಜು, ಮೇಣದಬತ್ತಿಗಳ ಬೆಳಕಿನಲ್ಲಿ ಹೊತ್ತೊಯ್ದು ಮಣ್ಣು ಮಾಡಿದರು.

698ರಲ್ಲಿ ಕಾರ್ಥೇಜ್ ಅರಬರ ವಶವಾಯಿತು. ಹಾಳುಬಿದ್ದ ಆ ನಗರದ ಕಂಬಗಳು ಕೈರವಾನ್‌ನ ಮಹಾ ಮಸೀದಿಯಲ್ಲಿ ಇಂದಿಗೂ ನಿಂತಿವೆ. ಕ್ರೈಸ್ತರು ಒಮ್ಮೆಲೇ ಕಾಣೆಯಾಗಲಿಲ್ಲ. ಮುಸ್ಲಿಮರ ಆಳ್ವಿಕೆಯಲ್ಲಿ ಶತಮಾನಗಳ ಕಾಲ ಕ್ರಮೇಣ ಕಡಿಮೆಯಾಗುತ್ತಾ ಬದುಕಿದರು. 1076ರಲ್ಲಿ ಇಂದಿನ ಅಲ್ಜೀರಿಯಾ ಭಾಗವನ್ನು ಆಳುತ್ತಿದ್ದ ಹಮ್ಮಾದಿದ್ ವಂಶದ ಅಮೀರ್ ಅನ್ನಾಸಿರ್ ರೋಮಿನ ಪೋಪ್ ಏಳನೆಯ ಗ್ರೆಗರಿಗೆ ಒಂದು ಕೋರಿಕೆ ಕಳುಹಿಸಿದ. ತನ್ನ ನಾಡಿನ ಕ್ರೈಸ್ತ ಪ್ರಜೆಗಳಿಗೆ ಸರ್ವಾಂಡಸ್ ಎಂಬ ಪಾದ್ರಿಯನ್ನು ಬಿಷಪನನ್ನಾಗಿ ಮಾಡಿಕೊಡಬೇಕೆಂದು. ಆಫ್ರಿಕಾದಲ್ಲಿ ಬಿಷಪ್ ದೀಕ್ಷೆ ಕೊಡಲು ಬೇಕಾದ ಮೂವರು ಬಿಷಪರೂ ಆಗ ಉಳಿದಿರಲಿಲ್ಲ. ಕೋರಿಕೆಯ ಜೊತೆಗೆ ಅನ್ನಾಸಿರ್ ತನ್ನಲ್ಲಿ ಸೆರೆಯಲ್ಲಿದ್ದ ಕ್ರೈಸ್ತರನ್ನು ಬಿಡುಗಡೆ ಮಾಡಿದ, ಇನ್ನುಳಿದವರನ್ನೂ ಬಿಡುವೆನೆಂದು ಮಾತು ಕೊಟ್ಟ. ಇದಕ್ಕೆ ಗ್ರೆಗರಿ ಬರೆದ ಕೃತಜ್ಞತೆಯ ಪತ್ರ ಉಳಿದಿದೆ. ಬೇರೆ ಬೇರೆ ರೀತಿಯಲ್ಲಾದರೂ ಇಬ್ಬರೂ ನಂಬುವುದು ಒಬ್ಬನೇ ದೇವರನ್ನು ಎಂದು ಅವನು ಅದರಲ್ಲಿ ಹೇಳಿದ್ದಾನೆ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಇತರ ಧರ್ಮಗಳೊಂದಿಗಿನ ಸಂಬಂಧದ ಬಗ್ಗೆ ಘೋಷಣೆ ಹೊರಡಿಸಿದಾಗ ಮುಸ್ಲಿಮರ ಕುರಿತ ಭಾಗದ ಅಡಿಟಿಪ್ಪಣಿಯಲ್ಲಿ ಉಲ್ಲೇಖಿಸಿದ್ದು ಇದೇ ಪತ್ರವನ್ನು.